ದಿಡ್ಡಿ ಬಾಗಿಲ ದ್ಯಾವಮ್ಮ

ತೆಲುಗು ಸೀಮೆಯ ಗಡಿಯಲ್ಲಿರುವ ನಾರಾಯಣಪೇಟೆಯ ನೇಕಾರ ಆಶಪ್ಪನ ಮನೆಯವರು ದ್ಯಾವಮ್ಮನ ದಾರಿ ನೋಡಲು ಶುರು ಮಾಡಿದ್ದು ದೀಪಾವಳಿ ಮುಗಿದ ಮರುವಾರ. ಈ ದ್ಯಾವಮ್ಮ ಅವರಿಗೆ ನೆಂಟಳೂ ಅಲ್ಲ, ಓಣಿಯವಳೂ ಅಲ್ಲ. ‘ಹನ್ನೆರಡು ಬುರುಜು’ ಅನ್ನುವ ಆರು ಪುಸ್ತಕಗಳ ಮಾಯಾಕತೆಯೊಳಗಿನ ಒಬ್ಬ ಮುದುಕಿ. ಕೋಟೆಯ ಹೆಬ್ಬಾಗಿಲ ಪಕ್ಕದಲ್ಲಿ ಒಬ್ಬರೇ ಬಗ್ಗಿ ಹೋಗುವಷ್ಟು ಸಣ್ಣದೊಂದು ದಿಡ್ಡಿ ಬಾಗಿಲಿರುತ್ತದಲ್ಲ, ಅದನ್ನು ಕಾಯುವವಳು. ಆ ಕತೆ ಈಗ ಟಿವಿಗೆ ಬರುವುದಿತ್ತು. ಅದೂ ತೆಲುಗಿನಲ್ಲಿ, ಸೋಮವಾರದಿಂದ ಶುಕ್ರವಾರದವರೆಗೆ, ಸಂಜೆ ಆರೂವರೆಗೆ.

ಸುದ್ದಿ ತಂದವಳು ಸೊಸೆ ರಜಿತಾ. ಅಲ್ಲೇ ಹತ್ತಿರದ ಮದ್ದೂರಿನ ಹುಡುಗಿ, ತೆಲುಗಿನವಳು, ಆಶಪ್ಪನ ಮಗ ಹನುಮಂತುವನ್ನು ಮದುವೆಯಾಗಿ ಬಂದು ಮೂರು ವರ್ಷದಲ್ಲಿ ಕನ್ನಡ ಕಲಿತವಳು. ಪುಂಡಿ ಸೊಪ್ಪು ಬಿಡಿಸುತ್ತ ಕೂತವಳು ಫೋನಿನಲ್ಲಿ ಜಾಹೀರಾತು ನೋಡಿ ಅತ್ತೆ ವೀರಬಸಮ್ಮನ ಮುಂದೆ ಹಿಡಿದಳು. ಒಂದು ಕರಿ ಕುದುರೆ, ಮೇಲೊಬ್ಬ ಗಡ್ಡದವನು, ಹಿಂದೆ ಹೊಗೆಯಲ್ಲಿ ಮುಚ್ಚಿಹೋದ ಕೋಟೆ. ಹರಿತಾ ಓದುತ್ತಿದ್ದ ಕತೆ ಎಂದು ರಜಿತಾ ಹೇಳಬೇಕಿತ್ತು. ಆ ಹೆಸರು ಆ ಮನೆಯಲ್ಲಿ ಎತ್ತುವಂತಿರಲಿಲ್ಲ. ಅದಕ್ಕೇ ಅವಳು, “ಅತ್ತೀ, ಇದು ನಿಮ್ಮನಿ ಕತಿ ಅಲ್ಲೇನ್ರಿ?” ಅಂದಳು. ವೀರಬಸಮ್ಮ ಚಿತ್ರ ನೋಡಿ ಹೂಂ ಅಂದು ಸೊಪ್ಪಿನ ಬುಟ್ಟಿ ತನ್ನತ್ತ ಎಳೆದುಕೊಂಡಳು.

ಹರಿತಾ ಈ ಮನೆಯ ಮಗಳು. ಮಕ್ತಲ್‌ನಲ್ಲಿ ಸೋದರಮಾವನ ಮನೆಯಲ್ಲಿದ್ದು ಹತ್ತನೆಯವರೆಗೆ ಕನ್ನಡ ಶಾಲೆಯಲ್ಲಿ ಓದಿದವಳು. ಮನೆಯಲ್ಲಿ ಎಲ್ಲರೂ ಆಡುವುದು ಕನ್ನಡವೇ. ಆದರೆ ಆಶಪ್ಪ, ಹನುಮಂತು ಕಲಿತದ್ದು ತೆಲುಗು ಅಕ್ಷರ. ವೀರಬಸಮ್ಮನಾಗಲಿ ಅವಳ ಅತ್ತೆ ನರಸಿಂಹಮ್ಮನಾಗಲಿ ಅದನ್ನೂ ಕಲಿತವರಲ್ಲ. ಕನ್ನಡ ಪುಸ್ತಕ ಮನೆಗೆ ಬಂದರೆ ಓದಿ ಹೇಳಲು ಹರಿತಾ ಒಬ್ಬಳೇ. ಅವಳು ಏನು ಓದಿದರೆ ಅದೇ ಕತೆ.

ನಾರಾಯಣಪೇಟೆಯ ಮಗ್ಗಕ್ಕೆ ಒಮ್ಮೆ ಉದ್ದೆಳೆಗಳ ಹಾಸು ಏರಿಸಿದರೆ ಎಂಟು ಸೀರೆ. ಎಂಟೂ ಇಳಿದ ಮೇಲೆ ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯ ಎಳೆಯ ತುದಿಗೆ ಬೆರಳಲ್ಲಿ ಹೊಸೆದು ಕೂಡಿಸಬೇಕು. ಸಾವಿರಾರು ಎಳೆ. ಎರಡು ದಿನ ಮನೆಮಂದಿಯೆಲ್ಲ ಬಗ್ಗಿ ಕೂತು ಮಾಡುವ ಕೆಲಸ ಅದು. ಮಗ್ಗ ಸುಮ್ಮನಿರುವ ಆ ಎರಡು ದಿನ ಹರಿತಾ ಮುಂಜಾನೆಯಿಂದ ಸಂಜೆವರೆಗೆ ಓದುವಳು. ಉಳಿದ ದಿನ ಮಧ್ಯಾಹ್ನ ಉಂಡ ಮೇಲೆ ಒಂದು ತಾಸು. ಆಶಪ್ಪ ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ನೇಯುತ್ತಿರುವನು, ವೀರಬಸಮ್ಮ ರಾಟಿ ತಿರುಗಿಸುತ್ತ ಲಾಳಿಗೆ ಬೇಕಾದ ನೂಲಿನ ಕಂಡಿಕೆ ಸುತ್ತುವಳು. ಲಾಳಿ ಆ ಕಡೆಯಿಂದ ಈ ಕಡೆಗೆ ಹೋಗುವ ಸಪ್ಪಳದ ನಡುನಡುವೆ ಮಾತು ಜೋಡಿಸಿ ಓದುವುದನ್ನು ಹುಡುಗಿ ಚೆನ್ನಾಗಿ ಕಲಿತಿದ್ದಳು.

ಒಬ್ಬೊಬ್ಬರಿಗೆ ಒಬ್ಬೊಬ್ಬರು ಬೇಕಾದವರು. ಹನುಮಂತುವಿಗೆ ಕರಿ ಕುದುರೆಯ ಕರಿಯಂಗ. ನರಸಿಂಹಮ್ಮಜ್ಜಿಗೆ ಜನರ ನೆರಳು ಕದಿಯುವ ಮಸಣಯ್ಯ. ಕಳ್ಳನಾದರೂ ಹೊಟ್ಟೆತುಂಬ ನಗಿಸುತ್ತಾನಲ್ಲ ಎಂದು ಮುದುಕಿ ಅವನ ಪರ. ಆಶಪ್ಪನಿಗೆ ಕೊಟ್ಟ ಮಾತು ಒಮ್ಮೆಯೂ ತಪ್ಪದ ಕಿಲ್ಲೇದಾರ ಬೊಮ್ಮನಾಯಕ. ವೀರಬಸಮ್ಮನಿಗೆ ಮೊದಲ ಪುಸ್ತಕದಲ್ಲಿ ಯಾರೂ ಹಿಡಿಸಿರಲಿಲ್ಲ. ಎಲ್ಲ ಕತ್ತಿ ಹಿಡಿದವರು, ಒಬ್ಬರಾದರೂ ಕಸ ಗುಡಿಸುವುದಿಲ್ಲ, ಇವರ ಮನೆ ಹೇಗೆ ನಡೆಯುತ್ತದೋ ಎಂದು ಮೂಗು ಮುರಿಯುತ್ತಿದ್ದಳು. ಎರಡನೇ ಪುಸ್ತಕದ ನಡುವೆ ದ್ಯಾವಮ್ಮ ಬಂದಳು. ಸೊಂಟಕ್ಕೆ ಬೀಗದ ಕೈಗೊಂಚಲು, ಮೊಣಕಾಲು ನೋವು, ಅರ್ಧ ರೊಟ್ಟಿ ಉಂಡು ಅರ್ಧ ಕಾವಲಿನ ನಾಯಿಗೆ ಹಾಕುವವಳು. ಅವತ್ತಿನಿಂದ ವೀರಬಸಮ್ಮ ಊಟದ ಪಾತ್ರೆಯನ್ನೂ ತೊಳೆಯದೆ ಕತೆಗೆ ಕೂತಳು.

ಮೂರನೇ ಪುಸ್ತಕದಲ್ಲಿ ಒಂದು ಸಂದರ್ಭ ಬಂತು. ರಾಜನ ಮಗಳು ಚಂದ್ರಸಾನಿ ಕಲ್ಲು ಒಡೆಯುವವನ ಮಗನ ಸಂಗಡ ಹೋಗಿಬಿಡುತ್ತಾಳೆ. ನಾಲ್ಕು ದಿನಕ್ಕೆ ತಿರುಗಿ ಬಂದು ದಿಡ್ಡಿ ಬಾಗಿಲ ಹೊರಗೆ ನಿಲ್ಲುತ್ತಾಳೆ. ಯಾರೂ ತೆಗೆಯಕೂಡದು ಎಂದು ರಾಜನ ಅಪ್ಪಣೆಯಾಗಿರುತ್ತದೆ. ಹರಿತಾ ಅಲ್ಲಿಗೆ ಪುಸ್ತಕದಲ್ಲಿ ಬೆರಳಿಟ್ಟು ಮುಚ್ಚಿದಳು.

“ಹೇಳ್ರಿ ಈಗ. ದ್ಯಾವಮ್ಮ ಬಾಗಲಾ ತೆಗೀಬೇಕೋ ಬ್ಯಾಡೋ?”

“ಬ್ಯಾಡ,” ಅಂದ ಆಶಪ್ಪ ಲಾಳಿ ನಿಲ್ಲಿಸದೆ. “ಹುಕುಂ ಅಂದ್ರ ಹುಕುಂ. ಅಕಿನ್ನ ಕಾಯಾಕ ಇಟ್ಟಾರ.”

ವೀರಬಸಮ್ಮ ರಾಟಿ ನಿಲ್ಲಿಸಿಬಿಟ್ಟಳು. “ಹಡದವ್ರಿಗೆ ಬ್ಯಾಡಾದ್ರ ಊರಿಗೂ ಬ್ಯಾಡಾದ್ಳೇನ್ರಿ? ತೆಗೀಬೇಕು. ರಾಜ ಏನ್ ಮಾಡ್ಯಾನ? ಬೈತಾನ, ಹೊರಗ ಹಾಕ್ತಾನ. ಹಾಕ್ಲಿ.”

ಗಂಡಹೆಂಡಿರಿಗೆ ಅದರ ಮೇಲೆ ಸಣ್ಣ ಜಗಳವೇ ಆಯಿತು. ಆಶಪ್ಪ ಕೋಟೆಯ ಕಾನೂನು ಹೇಳಿದ, ವೀರಬಸಮ್ಮ ಹೆಣ್ಣಿನ ಹೊಟ್ಟೆಯ ಸಂಕಟ ಹೇಳಿದಳು. ಸಂಜೆ ಅವನ ತಟ್ಟೆಗೆ ಬರೀ ರೊಟ್ಟಿ, ಶೇಂಗಾ ಹಿಂಡಿ ಬಿತ್ತು. ಪಲ್ಯ ಬೊಮ್ಮನಾಯಕನ ಹೆಂಡತಿಯ ಹತ್ತಿರ ಕೇಳಿಕೊಳ್ಳಿ ಅಂದಳಂತೆ. ಮರುದಿನ ಹರಿತಾ ಮುಂದಕ್ಕೆ ಓದಿದಾಗ ದ್ಯಾವಮ್ಮ ನೋವಿನ ಕಾಲು ಎಳೆಯುತ್ತ ಎದ್ದು ಬಂದು ಬೀಗ ತೆಗೆದಳು. ವೀರಬಸಮ್ಮನ ರಾಟಿ ಮತ್ತೆ ನಿಂತಿತು. ಹೆಣ್ಣಂದರೆ ಹೀಗಿರಬೇಕು ನೋಡು ಎಂದು ಮಗಳಿಗೆ ಹೇಳಿ ಕಣ್ಣು ಒರೆಸಿಕೊಂಡಳು.

ಅದಾಗಿ ಎರಡು ತಿಂಗಳಿಗೆ, ಶ್ರಾವಣದಲ್ಲಿ, ಹರಿತಾ ಕಂಪ್ಯೂಟರ್ ಕ್ಲಾಸಿಗೆ ಹೋದವಳು ಮನೆಗೆ ಬರಲಿಲ್ಲ. ಕ್ಲಾಸು ಹೇಳುವ ವಿಜಯ್‌ನನ್ನು ಮದುವೆಯಾಗಿದ್ದಳು. ಹುಡುಗ ಗದ್ವಾಲದ ಕಡೆಯ ಕೆ.ಟಿ. ದೊಡ್ಡಿಯವನು, ಕುರಿ ಕಾಯುವವರ ಮನೆಯವನು, ಅವನ ಅಪ್ಪ ಕಾಳಪ್ಪ ಈಗಲೂ ಮೈಲಾರಲಿಂಗನ ಭಂಡಾರ ಹಚ್ಚಿಕೊಂಡು ಕುರಿ ಹಿಂದೆ ಹೋಗುತ್ತಾನೆ. ನೇಕಾರರ ಓಣಿಗೆ ಇದಕ್ಕಿಂತ ದೊಡ್ಡ ಸುದ್ದಿ ಬೇಕೆ. ಆಶಪ್ಪ ಒಂದು ದಿನ ಉಣ್ಣಲಿಲ್ಲ. ಎರಡನೇ ದಿನ ಉಂಡು, ಇನ್ನು ಆ ಹೆಸರು ಈ ಮನೆಯಲ್ಲಿ ಬೇಡ ಅಂದ.

ನಾಲ್ಕನೇ ದಿನ ಮಟಮಟ ಮಧ್ಯಾಹ್ನ ಹರಿತಾ ಬಂದು ಬಾಗಿಲು ಬಡಿದಳು. ಆಶಪ್ಪ ಮಗ್ಗ ನಿಲ್ಲಿಸಿ, ಯಾರೂ ಏಳಬೇಡಿ ಎಂದು ಮೆಲ್ಲಗೆ ಹೇಳಿದ. ನರಸಿಂಹಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ರಜಿತಾ ಒಲೆಯ ಮುಂದೆ ನಿಂತಲ್ಲೇ ನಿಂತಳು. ಬಾಗಿಲಿಗೆ ಎಲ್ಲರಿಗಿಂತ ಹತ್ತಿರ ಕೂತವಳು ವೀರಬಸಮ್ಮ, ಕೈ ನೀಡಿದರೆ ಅಗಳಿ ಸಿಗುವಷ್ಟು ಹತ್ತಿರ. ಹೊರಗಿನಿಂದ ಮಗಳು ಯವ್ವಾ ಎಂದು ಒಮ್ಮೆ ಕರೆದಳು, ಸ್ವಲ್ಪ ತಡೆದು ಇನ್ನೊಮ್ಮೆ, ಆಮೇಲೆ ಮತ್ತೊಮ್ಮೆ. ವೀರಬಸಮ್ಮ ರಾಟಿ ತಿರುಗಿಸುತ್ತಲೇ ಇದ್ದಳು. ಯಾಕೆ ತಿರುಗಿಸಿದೆ ಎಂದು ಕೇಳಿದರೆ ಅವಳಿಗೂ ಹೇಳಲು ಬರುತ್ತಿರಲಿಲ್ಲ. ಹೆಜ್ಜೆ ಸಪ್ಪಳ ಓಣಿಯ ತಿರುವಿನವರೆಗೆ ಕೇಳಿ ನಿಂತಿತು.

ಅವತ್ತಿನಿಂದ ಅವಳ ಒಳಗೆ ಏನೋ ಜೋಮು ಹಿಡಿದು ಕೂತುಬಿಟ್ಟಿತ್ತು. ಅಳು ಬರಲಿಲ್ಲ. ಸಿಟ್ಟೂ ಬರಲಿಲ್ಲ. ಹಿಂಡಿಗೆ ಖಾರ ಹೆಚ್ಚಾಗಿ ಮನೆಯವರೆಲ್ಲ ನೀರಿಗೆ ಓಡಿದರೂ ಅವಳಿಗೆ ಗೊತ್ತಾಗುತ್ತಿರಲಿಲ್ಲ. ಐದಕ್ಕೆ ಏಳುವುದು, ಕಸ ಹೊಡೆಯುವುದು, ರೊಟ್ಟಿ ಬಡಿಯುವುದು, ರಾಟಿಗೆ ಕೂರುವುದು. ಒಂದೂಕಾಲು ವರ್ಷ ಹೀಗೇ ಹೋಯಿತು. ಅತ್ತೆ ಈಚೆಗೆ ಬಹಳ ಸುಮ್ಮನಾಗಿದ್ದಾರೆ, ಜಗಳಕ್ಕೂ ಬರುವುದಿಲ್ಲ ಎಂದು ರಜಿತಾ ತವರಿನಲ್ಲಿ ಹೇಳಿಕೊಂಡು ಬೇಜಾರು ಪಟ್ಟಿದ್ದಳು.

ಅಂಥವಳು ಟಿವಿಯ ಸುದ್ದಿ ಕೇಳಿದ ಮೂರನೇ ದಿನ ರೊಟ್ಟಿ ಬಡಿಯುತ್ತ, ತಾನಾಗಿಯೇ, ಹಾಗಾದರೆ ದ್ಯಾವಮ್ಮನೂ ಬರುತ್ತಾಳಲ್ಲ ಅಂದಳು. ರಜಿತಾ ಕೈಯಲ್ಲಿನ ಲೋಟ ಕೆಳಗಿಟ್ಟು ಬರುತ್ತಾಳೆ, ಬರದೆ ಎಲ್ಲಿ ಹೋಗುತ್ತಾಳೆ ಅಂದಳು.

ಆಶಪ್ಪ ಬೇಡ ಅನ್ನುತ್ತಾನೆ ಎಂದು ಎಲ್ಲರೂ ಅಂದುಕೊಂಡಿದ್ದರು. ಸೋಮವಾರ ಆರೂಕಾಲಿಗೇ ಕಾಲು ತೊಳೆದು ಬಂದು ಟಿವಿ ಮುಂದೆ ಎಲ್ಲರಿಗಿಂತ ಮೊದಲು ಕೂತವನು ಅವನೇ. ಬೊಮ್ಮನಾಯಕನನ್ನು ನೋಡಿ ಮುಖ ಹುಳ್ಳಗಾಯಿತು. ಇಂಥ ಬಡಕಲು ಮನುಷ್ಯ ಕಿಲ್ಲೇದಾರನೇ, ಮೀಸೆ ನೋಡಿದರೆ ಅಂಟಿಸಿದ್ದು ಎಂದು ಗೊಣಗಿದ. ಹನುಮಂತು ಕುದುರೆ ಚೆನ್ನಾಗಿದೆ, ಮೇಲೆ ಕೂತವನು ಚೆನ್ನಾಗಿಲ್ಲ ಅಂದ. ಮುದುಕಿ ಮಾತ್ರ ಮಸಣಯ್ಯನನ್ನು ಕಂಡು ಬೊಚ್ಚುಬಾಯಿ ಬಿಟ್ಟು ನಕ್ಕಳು. ದಿನವೂ ಆರೂವರೆಗೆ ಕತೆ, ಏಳಕ್ಕೆ ಊಟ ಎಂದಾಯಿತು. ಊಟಕ್ಕೆ ಕೂತರೆ ಅದೇ ಮಾತು. ಬಹಳ ದಿನದ ಮೇಲೆ ಆ ಮನೆಯಲ್ಲಿ ಐದು ಜನ ಒಂದೇ ವಿಷಯ ಮಾತಾಡುತ್ತಿದ್ದರು. ಕತೆಯನ್ನು ತಮಗೆ ಓದಿ ಹೇಳಿದವರು ಯಾರು ಎಂಬುದನ್ನು ಬಿಟ್ಟು ಉಳಿದದ್ದೆಲ್ಲ ಬರುತ್ತಿತ್ತು.

ಎರಡನೇ ಪುಸ್ತಕದ ಭಾಗ ಬಂದು ಹೋಯಿತು, ದ್ಯಾವಮ್ಮ ಕಾಣಲಿಲ್ಲ. ಅವಳ ದೊಡ್ಡ ಕೆಲಸ ಇರುವುದು ಮೂರರಲ್ಲಿ, ಅಲ್ಲಿ ತೋರಿಸುತ್ತಾರೆ ಎಂದು ನರಸಿಂಹಮ್ಮ ಸಮಾಧಾನ ಹೇಳಿದಳು. ಒಂದು ಹಾಸು ಮುಗಿದು ಇನ್ನೊಂದು ಏರಿತು. ಎಳೆ ಹೊಸೆಯುವ ಎರಡು ದಿನ ಓದಿ ಹೇಳುವವರಿರಲಿಲ್ಲ. ಹನುಮಂತು ಫೋನಿನಲ್ಲಿ ಹಾಡು ಹಚ್ಚಿ, ಅಪ್ಪ ಕಣ್ಣು ಬಿಟ್ಟಿದ್ದಕ್ಕೆ ಆರಿಸಿದ.

ಸಂಕ್ರಾಂತಿಯ ಮುಂಚಿನ ಗುರುವಾರ ಚಂದ್ರಸಾನಿ ತಿರುಗಿ ಬಂದು ಕೋಟೆಯ ಮುಂದೆ ನಿಂತಳು. ವೀರಬಸಮ್ಮ ಹಿಟ್ಟಿನ ಕೈಯಲ್ಲೇ ಬಂದು ಕೂತಿದ್ದಳು. ಹುಡುಗಿ ದಿಡ್ಡಿ ಬಾಗಿಲು ಬಡಿದಳು. ವಾದ್ಯ ಬಾರಿಸಿದರು, ಮಿಂಚು ಹೊಡೆಸಿದರು. ಆಮೇಲೆ ಬುರುಜಿನ ಮೇಲಿಂದ ಕರಿಯಂಗ ಹಗ್ಗ ಬಿಟ್ಟ, ಅವಳು ಹಗ್ಗ ಹಿಡಿದು ಹತ್ತಿ ಹೋದಳು. ಅಷ್ಟಕ್ಕೆ ಆವತ್ತಿನ ಕಂತು ಮುಗಿಯಿತು.

“ದ್ಯಾವಮ್ಮ ಎಲ್ಲಿ?” ಅಂದಳು ವೀರಬಸಮ್ಮ.

ಟಿವಿಯವರು ಬಿಟ್ಟಿರಬೇಕು, ಅಷ್ಟೊಂದು ಜನಕ್ಕೆ ವೇಷ ಹಾಕಿಸಲು ಆಗುತ್ತದೆಯೇ ಎಂದು ಆಶಪ್ಪ ಎದ್ದ. ನಾಳೆ ಬರುತ್ತಾಳೆ ಎಂದಳು ಮುದುಕಿ. ಮರುದಿನವೂ ಬರಲಿಲ್ಲ, ಹಬ್ಬದ ವಾರವೂ ಬರಲಿಲ್ಲ. ರಜಿತಾ ಫೋನಿನಲ್ಲಿ ಹುಡುಕಿದಳು. ಈ ಕತೆಯ ಹುಚ್ಚು ಹಿಡಿದವರು ಊರೂರಲ್ಲಿದ್ದಾರೆ, ತಮಗೆ ಬೇಕಾದ ಪಾತ್ರ ಯಾವುದು, ಯಾಕೆ ಎಂದು ತೆಲುಗಿನಲ್ಲೂ ಪುಟಗಟ್ಟಲೆ ಬರೆದಿದ್ದಾರೆ. ಆರೂ ಪುಸ್ತಕದಲ್ಲಿ ಬರುವವರ ಹೆಸರೆಲ್ಲ ಪಟ್ಟಿ ಮಾಡಿದ್ದರು. ಕಾವಲಿನ ನಾಯಿಯ ಹೆಸರೂ ಅದರಲ್ಲಿತ್ತು. ರಜಿತಾ ಎರಡು ಸಲ ಓದಿ ಒಳಗೆ ಬಂದು, “ಅತ್ತೀ, ಆಮೆ ಲೇದಂಟ, ದ್ಯಾವಮ್ಮ ಇಲ್ಲಂತ್ರಿ. ಟಿವಿಯಾಗ ಅಷ್ಟ ಅಲ್ರಿ, ಪುಸ್ತಕದಾಗೂ ಇಲ್ಲಂತ,” ಅಂದಳು.

ವೀರಬಸಮ್ಮ ನಂಬಲಿಲ್ಲ. ಕಿವಿಯಾರೆ ಕೇಳಿದ್ದೇನೆ, ಫೋನಿನಲ್ಲಿ ಬರೆಯುವವರಿಗೆ ಏನು ಗೊತ್ತು ಅಂದಳು. ಊಟಕ್ಕೆ ಕೂತಾಗಲೂ ಬಿಡಲಿಲ್ಲ. ಅಚ್ಚು ಹಾಕಿದ ಪುಸ್ತಕದಲ್ಲಿ ಇದ್ದವಳು ಎಲ್ಲಿ ಹೋಗುತ್ತಾಳೆ ಎಂದು ಮುದುಕಿಯೂ ಅವಳ ಪರ ನಿಂತಳು. ಆಶಪ್ಪನಿಗೆ ತಲೆಕೆಟ್ಟು ಹೋಯಿತು.

“ಒಂದು ಕತಿ ಮುದುಕಿ ಸಲುವಾಗಿ ಹಬ್ಬದಾಗ ಯಾಕ ತಲಿ ತಿನ್ನಾಕತ್ತೀರಿ? ಇದ್ರ ಇದ್ಳು, ಇಲ್ಲಂದ್ರ ಇಲ್ಲ.”

“ಓದಿದಾಕಿನ್ನ ಕೇಳಿದ್ರ ಗೊತ್ತಾಗ್ತಿತ್ರಿ,” ಅಂದಳು ವೀರಬಸಮ್ಮ.

ಹನುಮಂತು ನೀರಿನ ಚೊಂಬನ್ನು ಸುಮ್ಮನೆ ಅತ್ತಿತ್ತ ಸರಿಸಿದ. ಆಶಪ್ಪ ಅರ್ಧ ಉಂಡ ತಟ್ಟೆಯಲ್ಲೇ ಕೈ ತೊಳೆದು, ಆ ಮಾತು ಇನ್ನೊಮ್ಮೆ ಬಂದರೆ ತಾನು ಈ ಮನೆಯಲ್ಲಿ ಉಣ್ಣುವುದಿಲ್ಲ ಎಂದು ಎದ್ದು ಹೋದ. ಮಾರನೇ ದಿನ ಟಿವಿ ಹಚ್ಚಲು ಯಾರಿಗೂ ಧೈರ್ಯವಾಗಲಿಲ್ಲ.

ಎರಡು ದಿನ ಬಿಟ್ಟು ವೀರಬಸಮ್ಮ, ತಮ್ಮನ ಹೆಂಡತಿ ಮೈಲಮ್ಮನಿಗೆ ಮೈಯಲ್ಲಿ ಆರಾಮಿಲ್ಲವಂತೆ, ನೋಡಿಕೊಂಡು ಬರುತ್ತೇನೆ ಎಂದು ಮಕ್ತಲ್ ಬಸ್ಸು ಹತ್ತಿದಳು. ಮೈಲಮ್ಮ ಗುಂಡುಕಲ್ಲಿನ ಹಾಗಿದ್ದಳು. ವೀರಬಸಮ್ಮನ ಚೀಲದಲ್ಲಿ, ಸೀರೆಯ ಮಡಿಕೆಯೊಳಗೆ, ಅಟ್ಟದಿಂದ ಇಳಿಸಿದ ಮೂರನೇ ಪುಸ್ತಕವಿತ್ತು. ಕರಿ ಕುದುರೆ ಹತ್ತಿದವನ ಬೆನ್ನ ಹಿಂದೆ ಹುಡುಗಿಯೊಬ್ಬಳು ಕೂತ ಚಿತ್ರದ ಗುರುತು ಹಿಡಿದು ತೆಗೆದದ್ದು.

ತಮ್ಮನ ಮಗಳು ನವನೀತಾ ಅಂಗನವಾಡಿ ಟೀಚರು, ಕನ್ನಡ ಶಾಲೆಯಲ್ಲೇ ಕಲಿತವಳು. ಸೋದರತ್ತೆ ಕೇಳಿದ್ದಕ್ಕೆ ಉಂಡು ಕೂತವಳು ದೀಪ ಹಚ್ಚುವ ಹೊತ್ತಿನವರೆಗೆ ಪುಟ ತಿರುವಿದಳು. ವೀರಬಸಮ್ಮ ಎದುರಿಗೆ ಕೂತು ಮೈಲಮ್ಮನ ಮನೆಯ ಶೇಂಗಾಕಾಯಿಯನ್ನೆಲ್ಲ ಸುಲಿದು ಮುಗಿಸಿದಳು. ಒಂದು ಪುಟದಲ್ಲಿ ಗುರುತಿಗೆ ಇಟ್ಟ ಹಳದಿ ನೂಲಿನ ಎಳೆ ಸಿಕ್ಕಿತು. ನವನೀತಾ ಅಲ್ಲಿ ಜಾಸ್ತಿ ಹೊತ್ತು ನಿಂತಳು.

“ಅತ್ತಿ, ದ್ಯಾವಮ್ಮ ಅನ್ನಾಕಿ ಇದ್ರಾಗ ಎಲ್ಲೂ ಇಲ್ಲ.”

“ರಾಜನ ಮಗಳು ಬಾಗಲಾ ಬಡೀತಾಳ ನೋಡು, ಅಲ್ಲಿ ಓದು.”

“ಅದನ್ನ ಓದಾಕತ್ತೀನಿ. ಬಡೀತಾಳ. ಒಳಗಿನ ಕಾವಲಿನವ್ರು ಯಾರೂ ಓ ಅನ್ನಾಂಗಿಲ್ಲ. ಬಾಗಲಾ ಮುಚ್ಚೇ ಇರ್ತೈತಿ. ಅಕಿ ಹಿಂದಕ್ಕ ಹೋಗ್ತಾಳ. ಇಷ್ಟ ಐತಿ.”

ವೀರಬಸಮ್ಮ ಆ ನೂಲಿನ ಎಳೆಯನ್ನು ಕೈಗೆ ತೆಗೆದುಕೊಂಡಳು. ತನ್ನ ರಾಟಿಯ ಮೇಲೆ ಹಾದುಹೋದ ನೂಲೇ ಅದು. ಏನೋ ಒಂದು ಗೊತ್ತಾಗುತ್ತಿತ್ತು, ಆದರೆ ದೂರದ ಮನೆಯ ಜಗಳ ಕೇಳಿದ ಹಾಗೆ, ಸದ್ದು ಬರುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ದ್ಯಾವಮ್ಮ ಕತೆಯಲ್ಲಿ ಮೊದಲ ಸಲ ಬಂದದ್ದು ಹರಿತಾ ಕಂಪ್ಯೂಟರ್ ಕ್ಲಾಸಿಗೆ ಸೇರಿದ ತಿಂಗಳು. ಅದು ಈಗ ನೆನಪಾಯಿತು.

ಮುಂಜಾನೆ ಮಕ್ತಲ್ ಬಸ್‌ಸ್ಟ್ಯಾಂಡಿನಲ್ಲಿ ನಾರಾಯಣಪೇಟೆ ಬಸ್ಸು ಬಂದು ನಿಂತು ಹೋಯಿತು. ವೀರಬಸಮ್ಮ ಹತ್ತಲಿಲ್ಲ. ಚೀಲದಿಂದ ತನ್ನ ಸಣ್ಣ ಫೋನು ತೆಗೆದು, ಪಕ್ಕದಲ್ಲಿದ್ದ ಹೆಂಗಸಿನ ಕೈಲಿ ಸೊಸೆಗೆ ಹಚ್ಚಿಸಿದಳು. ಅಕಿ ಗದ್ವಾಲದಲ್ಲಿ ಎಲ್ಲಿರುತ್ತಾಳೆ ಎಂದು ಕೇಳಿದಳು. ರಜಿತಾ ಸ್ವಲ್ಪವೂ ತಡವರಿಸದೆ ಕೋಟೆಯ ಹಿಂದಿನ ಓಣಿ, ಬೇವಿನ ಮರದ ಎದುರಿನ ಮಗ್ಗದ ಶೆಡ್ಡು ಎಂದು ಹೇಳಿದಳು. ಪ್ರತಿ ಭಾನುವಾರ ನೀರಿನ ಟಾಕಿ ಹತ್ತಿರ ನಿಂತು ಫೋನಿನಲ್ಲಿ ಅವಳ ಜೊತೆ ಮಾತಾಡುತ್ತೇನೆ, ಬೈಯುವುದಿದ್ದರೆ ಮನೆಗೆ ಬಂದ ಮೇಲೆ ಬೈಯಿರಿ ಅಂದಳು. ವೀರಬಸಮ್ಮನಿಗೆ ಬೈಯಬೇಕು ಅನಿಸಲಿಲ್ಲ. ಒಳ್ಳೇದಾತು ಅಂದು ಗದ್ವಾಲ ಬಸ್ಸು ಹತ್ತಿದಳು. ಜೂರಾಲ ಕಟ್ಟೆ ದಾಟುವಾಗ ಪಕ್ಕದವರೆಲ್ಲ ನೀರು ನೋಡಲು ಕಿಟಕಿಗೆ ಬಗ್ಗಿದರು, ಅವಳು ತನ್ನ ಚೀಲ ನೋಡುತ್ತ ಕೂತಳು.

ಶೆಡ್ಡಿನಲ್ಲಿ ನಾಲ್ಕು ಮಗ್ಗ. ಕೊನೆಯದರಲ್ಲಿ ಹರಿತಾ. ಸೊರಗಿದ್ದಳು. ಹಣೆಗೆ ವಿಭೂತಿಯ ಬದಲು ಭಂಡಾರದ ಹಳದಿ ಬೊಟ್ಟು. ಗದ್ವಾಲದ ಸೀರೆಯಲ್ಲಿ ಹತ್ತಿಯ ಮೈಗೆ ರೇಷ್ಮೆಯ ಅಂಚನ್ನು ಎಳೆಗೆ ಎಳೆ ಸಿಕ್ಕಿಸಿ ನೇಯಬೇಕು, ಆ ಕೆಲಸದಲ್ಲಿ ಬಗ್ಗಿದ್ದವಳು ತಲೆಯೆತ್ತಿ ತಾಯಿಯನ್ನು ನೋಡಿದಳು. ಓಡಿ ಬಂದು ಅಪ್ಪಿಕೊಳ್ಳಲೂ ಇಲ್ಲ, ಮುಖ ತಿರುಗಿಸಲೂ ಇಲ್ಲ. ಬಾ, ಕೂಡು ಅಂದಳು. ಎದ್ದು ಹೋಗಿ ಗಡಿಗೆಯಿಂದ ನೀರು ತಂದು ಕೊಟ್ಟಳು. ಅಪ್ಪ, ಅಜ್ಜಿ ಆರಾಮೇ ಎಂದು ಕೇಳಿದಳು. ಆರಾಮು ಅಂದಳು ತಾಯಿ. ಹರಿತಾ ಲಾಳಿ ಕೈಗೆ ತೆಗೆದುಕೊಂಡಳು.

“ಟಿವ್ಯಾಗ ಬುರುಜಿನ ಕತಿ ಬರಾಕತ್ತೈತಿ,” ಅಂದಳು ವೀರಬಸಮ್ಮ.

“ಗೊತ್ತೈತಿ.”

“ದ್ಯಾವಮ್ಮ ಬರ್ಲಿಲ್ಲ. ನವನೀತಾ ಕೈಲಿ ಪುಸ್ತಕಾನೂ ಓದಿಸ್ದೆ. ಅದ್ರಾಗೂ ಇಲ್ಲ ಅಂದ್ಳು.”

“ಹೆಂಗ ಇರ್ತಾಳ? ಅಕಿನ್ನ ನಾನ ಮಾಡಿದ್ದು.”

“ಯಾಕ?”

ಹರಿತಾ ಅಂಚಿನ ಎರಡು ಎಳೆ ಸಿಕ್ಕಿಸಿ, ಮಗ್ಗದ ಹಲಗೆ ಬಡಿದು, ಆಮೇಲೆ ಹೇಳಿದಳು. ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಬೇರೆ ಯಾರದೋ ಸುದ್ದಿ ಹೇಳುವ ಹಾಗಿತ್ತು.

“ವಿಜಯ್ ಮಾತು ನಿನ್ನ ಮುಂದ ಹೆಂಗ ತಗೀಲಿ ಅಂತ ತಿಳೀಲಿಲ್ಲ ಯವ್ವಾ. ಕತ್ಯಾಗ ಹಾಕಿ ಕೇಳ್ದೆ. ಬಾಗಲಾ ತೆಗೀಬೇಕು ಅಂದಿ. ಅಪ್ಪನ ಜೋಡಿ ಜಗಳಾನೂ ಆಡಿದಿ. ಹೊರಗ ಹಾಕ್ಲಿ ಅಂದಿ. ಅಪ್ಪ ತಗೀಲಿಲ್ಲಂದ್ರೂ ನಮ್ಮವ್ವ ತಗೀತಾಳ ಅಂತ ಬಂದಿದ್ದೆ.”

ವೀರಬಸಮ್ಮ ನೀರಿನ ಲೋಟ ಹಿಡಿದೇ ಕೂತಿದ್ದಳು.

“ನೀ ಅವತ್ತು ಮನ್ಯಾಗ ಇರ್ಲಿಲ್ಲೇನೋ ಅಂದ್ಕೊಳ್ಳಾಕ ಭಾಳ ನೋಡಿದೆ,” ಅಂದಳು ಹರಿತಾ. “ರಾಟಿ ಸಪ್ಪಳ ಕೇಳತಿತ್ತು.”

ಪಕ್ಕದ ಮಗ್ಗದವರು ಏನೋ ಹೇಳಿ ನಕ್ಕರು. ಅಳಬೇಕು ಎಂದು ವೀರಬಸಮ್ಮನಿಗೆ ಗೊತ್ತಿತ್ತು. ಇಲ್ಲಿ ಅಳದಿದ್ದರೆ ಇನ್ನೆಲ್ಲಿ ಅಳಬೇಕು. ಅಳು ಬರಲಿಲ್ಲ, ಕಣ್ಣು ಒಣಗಿ ಉರಿಯಿತು ಅಷ್ಟೇ. ಮನೆಗೆ ಬಾ ಅಂದಳು. ಅಪ್ಪ ಏನಾದರೂ ಅನ್ನಲಿ, ನಾನಿದ್ದೇನೆ ಬಾ ಅಂದಳು.

“ಬರಾಂಗಿಲ್ಲ. ಸಿಟ್ಟಿಲ್ಲ ಯವ್ವಾ, ಖರೇನ ಇಲ್ಲ. ಬರಬೇಕು ಅಂತ ಅನ್ಸವಲ್ದು.”

ಮಧ್ಯಾಹ್ನ ವಿಜಯ್ ಬುತ್ತಿ ತಂದ. ಅತ್ತೆಯನ್ನು ಕಂಡು ಬಾಗಿಲಲ್ಲೇ ಗಾಬರಿಯಾಗಿ ನಿಂತು, ಆಮೇಲೆ ಕಾಲಿಗೆ ಬಿದ್ದು, ತನ್ನ ಪಾಲಿನ ರೊಟ್ಟಿಯನ್ನು ಅವಳಿಗೆ ಬಡಿಸಿದ. ಅವಳು ಉಂಡಳು. ಉಪ್ಪೋ ಖಾರವೋ ತಿಳಿಯಲಿಲ್ಲ. ಉಂಡ ಮೇಲೆ ಮೂಲೆಯಲ್ಲಿದ್ದ ರಾಟಿಯನ್ನು ಎಳೆದುಕೊಂಡು ಮಗಳಿಗೆ ಕಂಡಿಕೆ ಸುತ್ತಿಕೊಡಲು ಹೋದಳು. ಒಂದು ಸುತ್ತು ತಿರುಗಿಸಿದಳು. ಹರಿತಾ ಮಗ್ಗದಿಂದ ಆ ಸಪ್ಪಳಕ್ಕೆ ತಲೆಯೆತ್ತಿ, ಬ್ಯಾಡ ಬಿಡವ್ವ ಅಂದಳು. ವೀರಬಸಮ್ಮ ಬಿಟ್ಟಳು. ದ್ಯಾವಮ್ಮ ಮುಂದೆ ಏನಾಗುವವಳಿದ್ದಳು ಎಂದು ಕೇಳಿದ್ದಕ್ಕೆ, ಮುಂದಿನದು ಯೋಚನೆ ಮಾಡಿರಲಿಲ್ಲ ಅಂದಳು ಹರಿತಾ. ಮೂರೂವರೆ ಬಸ್ಸಿಗೆ ವಿಜಯ್ ಸ್ಟ್ಯಾಂಡಿನವರೆಗೆ ಬಂದು ಹತ್ತಿಸಿದ.

ನಾರಾಯಣಪೇಟೆಗೆ ಬಂದಾಗ ಊಟಕ್ಕೆ ಕೂತಿದ್ದರು. ಟಿವಿ ಮತ್ತೆ ಶುರುವಾಗಿತ್ತು, ಮುದುಕಿಯ ಹಟಕ್ಕಂತೆ. ರಜಿತಾ ಅತ್ತೆಯ ಮುಖ ನೋಡಿ ಟಿವಿಯ ಸದ್ದು ಇಳಿಸಿದಳು. ಆಶಪ್ಪ ಮೈಲಮ್ಮ ಹೇಗಿದ್ದಾಳೆ ಎಂದು ಕೇಳಿದ.

“ಆರಾಮ್ ಅದಾಳ್ರಿ. ನಾ ಗದ್ವಾಲಕ್ಕ ಹೋಗಿದ್ದೆ.”

ಆಶಪ್ಪನ ತುತ್ತು ಕೈಯಲ್ಲೇ ಉಳಿಯಿತು. ನರಸಿಂಹಮ್ಮನಿಗೆ ಈಚೆಗೆ ಕಿವಿ ಸ್ವಲ್ಪ ಮಂದವಾಗಿತ್ತು, ಕೂತಲ್ಲಿಂದ ಮಗನ ಮುಖ ಕಾಣುತ್ತಿರಲಿಲ್ಲ. ದ್ಯಾವಮ್ಮನ ಸುದ್ದಿ ಏನಾಯಿತು, ಕೇಳಿಕೊಂಡು ಬಂದೆಯಾ ಎಂದು ಸೊಸೆಯ ಸೆರಗು ಹಿಡಿದು ಜಗ್ಗಿದಳು. ವೀರಬಸಮ್ಮ ಅತ್ತೆಯ ಕಿವಿಯ ಹತ್ತಿರ ಬಗ್ಗಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

“ದ್ಯಾವಮ್ಮ ಬಾಗಲಾ ತಗೀಲಿಲ್ರಿ ಅತ್ತಿ. ಹುಡುಗಿ ಹೊರಗ ನಿಂತು ಮೂರು ಸಲ ಕರದ್ಳು. ದ್ಯಾವಮ್ಮ ಒಳಗ ಕುಂತು ರಾಟಿ ತಿರುಗಸ್ತಿದ್ಳು.”

“ಹಂಗಿರ್ಲಿಲ್ಲ,” ಅಂದಳು ಮುದುಕಿ. “ತಗದಿದ್ಳು. ಅಕಿ ಓದಿದ್ದು ನಾ ಕೇಳೀನಿ.”

ವೀರಬಸಮ್ಮ ಎದ್ದು ಹೋಗಿ ಬೀದಿ ಬಾಗಿಲ ಅಗಳಿ ಸರಿಸಿ ಎರಡೂ ಕದ ತೆರೆದಳು. ಚಳಿಗಾಳಿ ಒಳಗೆ ನುಗ್ಗಿತು.

“ಯಾರು ಬರ್ತಾರಂತ?” ಅಂದ ಆಶಪ್ಪ.

“ಯಾರೂ ಬರಾಂಗಿಲ್ರಿ. ಕೇಳ್ಕೊಂಡ ಬಂದೀನಿ.”

“ಮತ್ಯಾಕ ತಗದಿ?”

“ತೆಗೀಬೇಕು ಅಂದಾಕಿ ನಾನ ಅಲ್ಲೇನ್ರಿ.”

ಮರುದಿನ ಉಂಡ ಮೇಲೆ ಆಶಪ್ಪ ಮಗ್ಗದ ಕುಣಿಗಿಳಿದ. ಬಾಗಿಲು ತೆರೆದೇ ಇತ್ತು. ವೀರಬಸಮ್ಮ ಅದರ ಪಕ್ಕದಲ್ಲಿ, ರಾಟಿಯ ಮುಂದೆ, ಕೈ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಲಾಳಿಯಲ್ಲಿದ್ದ ನೂಲು ಮುಗಿಯಿತು. ಇಷ್ಟು ವರ್ಷದ ರೂಢಿಯಂತೆ ಅವನು ತಲೆಯೆತ್ತದೆ ಹಿಂದಕ್ಕೆ ಕೈ ನೀಡಿದ. ಕೈಗೆ ಕಂಡಿಕೆ ಬರಲಿಲ್ಲ. ವೀರಬಸಮ್ಮಾ ಎಂದು ಕರೆದ. ಸ್ವಲ್ಪ ತಡೆದು ಇನ್ನೊಮ್ಮೆ ಕರೆದ. ಮೂರನೇ ಸಲ ಕರೆದ ಮೇಲೂ ಅವಳು ಓ ಅನ್ನದಿದ್ದಾಗ, ಆಶಪ್ಪ ಕುಣಿಯಿಂದ ಎದ್ದು ಬಂದ. ರಾಟಿಯನ್ನು ನೋಡಿದ, ಅವಳನ್ನು ನೋಡಿದ. ಬಾಗಿಲು ಮುಚ್ಚಲು ಕದದ ಮೇಲೆ ಕೈ ಇಟ್ಟವನು ಹಾಗೇ ನಿಂತು ಹೊರಗೆ ನೋಡಿದ. ಓಣಿಯ ತಿರುವಿನವರೆಗೂ ಯಾರೂ ಇರಲಿಲ್ಲ.